ಕರಾವಳಿಯ ತೇವಕ್ಕೂ ತಡೆಯುವ ಪವರ್ ಸಪ್ಲೈ: ಮನೆಯಲ್ಲೇ ಕಟ್ಟುವುದು ಹೇಗೆ?

ಎಲೆಕ್ಟ್ರಾನಿಕ್ಸ್ ಹುಚ್ಚು ಹಿಡಿದವರ ಮೇಜಿನ ಮೇಲೆ ಅಡಾಪ್ಟರ್‌ಗಳ ರಾಶಿಯೇ ಇರುತ್ತದೆ. ಆರ್ಡುಯಿನೋಗೆ 5 ವೋಲ್ಟ್, ರಿಲೇಗೆ 12, ಆಪ್-ಆಂಪ್ ಸರ್ಕ್ಯೂಟ್‌ಗೆ ಪ್ಲಸ್ 12 ಮತ್ತು ಮೈನಸ್ 12, ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗೆ 6 ಅಥವಾ 9. ಇಷ್ಟನ್ನೂ ಒಂದೇ ಡಬ್ಬಿಯಿಂದ ಕೊಡುವ ಪವರ್ ಸಪ್ಲೈ ಕಟ್ಟಿಕೊಂಡರೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ಸರ್ಕ್ಯೂಟ್ ಕಷ್ಟದ್ದಲ್ಲ, ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಆದರೆ ಹೆಚ್ಚಿನ ವಿಡಿಯೋಗಳು 230 ವೋಲ್ಟ್ ಕಡೆಯ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸಿ, ಉಳಿದ ಹೊತ್ತೆಲ್ಲ ಐಸಿ ಬಗ್ಗೆ ಹೇಳುತ್ತವೆ. ನನ್ನ ಪ್ರಕಾರ ಅದು ಉಲ್ಟಾ ಆಗಬೇಕು. 5 ವೋಲ್ಟ್ ಕಡೆ ತಪ್ಪಾದರೆ ಒಂದು ಐಸಿ ಹೋಗುತ್ತದೆ, 230 ಕಡೆ ತಪ್ಪಾದರೆ ಜೀವವೇ ಹೋಗಬಹುದು. ಅದರಲ್ಲೂ ಮಂಗಳೂರು, ಉಡುಪಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ತೇವ, ನೆಲವೂ ತೇವ, ಗಾಳಿಯಲ್ಲಿ ಉಪ್ಪು ಬೇರೆ. ಇಲ್ಲಿ ಕಟ್ಟುವ ಡಬ್ಬಿಗೆ ಸ್ವಲ್ಪ ಜಾಸ್ತಿಯೇ ಜಾಗ್ರತೆ ಬೇಕು.

ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ 230 ವೋಲ್ಟ್ ಮುಟ್ಟುವ ಅಗತ್ಯ ನಿಜವಾಗಿ ಇದೆಯಾ?

ಹೈಸ್ಕೂಲು, ಪಿಯುಸಿ ಮಕ್ಕಳಿಗೆ ನಾನು ಕೊಡುವ ಉತ್ತರ ಒಂದೇ, ಬೇಡ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಬಿದ್ದಿರುತ್ತದೆ ಅಲ್ವಾ, ವಯರ್ ಎಲ್ಲೂ ಒಡೆದಿಲ್ಲ ಎಂದಾದರೆ ಅದನ್ನೇ ತೆಗೆದುಕೊಳ್ಳಿ. ಅದರ 230 ವೋಲ್ಟ್ ಭಾಗ ಕಂಪನಿಯಲ್ಲೇ ಸೀಲ್ ಆಗಿ ಬಂದಿದೆ, ನಿಮ್ಮ ಕೈಗೆ ಸಿಗುವುದು ಬರೇ 19 ವೋಲ್ಟ್ ಡಿಸಿ. ಅದರ ಮುಂದೆ 3 ಆಂಪ್ ಫ್ಯೂಸ್ ಹಾಕಿ, ವೋಲ್ಟೇಜ್ ಇಳಿಸುವ ಎಲ್‌ಎಂ 2596 ಬಕ್ ಮಾಡ್ಯೂಲ್ ಎರಡೋ ಮೂರೋ ಜೋಡಿಸಿದರೆ 12, 9, 5 ಎಲ್ಲ ಬರುತ್ತದೆ. ಮಾಡ್ಯೂಲ್ ಮೇಲಿನ ಸಣ್ಣ ಹಿತ್ತಾಳೆ ಸ್ಕ್ರೂ ತಿರುಗಿಸಿ ವೋಲ್ಟೇಜ್ ಹೊಂದಿಸುವುದು, ಮೀಟರ್‌ನಲ್ಲಿ ನೋಡಿದ ಮೇಲೆಯೇ ಸಾಮಾನು ಜೋಡಿಸುವುದು. ಮಾಡ್ಯೂಲ್ ಮಾರುವವರು 3 ಆಂಪ್ ಅನ್ನುತ್ತಾರೆ, ಹೀಟ್ ಸಿಂಕ್ (ಬಿಸಿಯನ್ನು ಹೊರಗೆ ಬಿಡುವ ಲೋಹದ ತುಂಡು) ಇಲ್ಲದೆ 2 ಆಂಪ್ ದಾಟಬೇಡಿ. ಇದರ ಕೊರತೆ ಎರಡು. ಮೈನಸ್ ವೋಲ್ಟೇಜ್ ಸುಲಭಕ್ಕೆ ಸಿಗುವುದಿಲ್ಲ, ಮತ್ತು ಆಡಿಯೋ, ರೇಡಿಯೋ ಕೆಲಸಕ್ಕೆ ಸ್ವಿಚಿಂಗ್ ಗದ್ದಲ ಕಿರಿಕಿರಿ ಮಾಡುತ್ತದೆ. ಮೀಡಿಯಂ ವೇವ್ ರೇಡಿಯೋ ಹತ್ತಿರ ಇಟ್ಟರೆ ಗುರ್ ಅನ್ನುವುದು ಕೇಳುತ್ತದೆ.

ಹಳೆಯ ಕಂಪ್ಯೂಟರ್‌ನ ಎಸ್‌ಎಂಪಿಎಸ್, ಅಂದರೆ ಅದರೊಳಗಿನ ಪವರ್ ಸಪ್ಲೈ ಡಬ್ಬಿ, ಕೂಡ ಆಗುತ್ತದೆ. ಹಸಿರು ವಯರನ್ನು ಕಪ್ಪಿಗೆ ಜೋಡಿಸಿದರೆ ಆನ್, ಹಳದಿ 12, ಕೆಂಪು 5, ಕಿತ್ತಳೆ 3.3. ಆದರೆ ಅದರ ಡಬ್ಬಿ ಬಿಚ್ಚಬೇಡಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು. ಜೊತೆಗೆ 12 ವೋಲ್ಟ್ ಕಡೆ ಹತ್ತಾರು ಆಂಪ್ ಕೊಡುವ ತಾಕತ್ತು ಅದಕ್ಕಿದೆ, ಬ್ರೆಡ್‌ಬೋರ್ಡ್‌ನಲ್ಲಿ ಶಾರ್ಟ್ ಆದರೆ ವಯರ್ ಕೆಂಪಗೆ ಕಾಯುತ್ತದೆ. ಪ್ರತಿ ಔಟ್‌ಪುಟ್‌ಗೂ ಫ್ಯೂಸ್ ಇಲ್ಲದೆ ಬಳಸಬಾರದು.

ಇನ್ನೊಂದು ಜಾತಿ ಇದೆ, ಟ್ರಾನ್ಸ್‌ಫಾರ್ಮರೇ ಇಲ್ಲದೆ ಒಂದು 400 ವೋಲ್ಟ್ ಕೆಪಾಸಿಟರ್ ಇಟ್ಟು ವೋಲ್ಟೇಜ್ ಇಳಿಸುವುದು. ಎಲ್‌ಇಡಿ ಬಲ್ಬಿನ ಒಳಗೆ, ಕೈಗೆ ಸಿಗದ ಹಾಗೆ ಮುಚ್ಚಿದ ಕಡೆ ಅದು ಸರಿ. ಪ್ರಯೋಗದ ಮೇಜಿಗೆ ಅದು ಖಂಡಿತ ಬೇಡ ಮಾರಾಯ್ರೇ. ಮೀಟರ್ 5 ವೋಲ್ಟ್ ತೋರಿಸುತ್ತಿದ್ದರೂ ಅದರ ಎರಡೂ ವಯರ್ ಮೆಸ್ಕಾಂ ಲೈನಿಗೆ ನೇರ ಸೇರಿಕೊಂಡಿರುತ್ತವೆ. ಮುಟ್ಟಿದರೆ ಹೊಡೆಯುವುದು 230.

ಇನ್ನು ಮುಂದೆ ಹೇಳುವುದು ಸೋಲ್ಡರಿಂಗ್ ಬಲ್ಲ, ಮಲ್ಟಿಮೀಟರ್ ಬಳಸಲು ಗೊತ್ತಿರುವ ದೊಡ್ಡವರಿಗೆ.

ಟ್ರಾನ್ಸ್‌ಫಾರ್ಮರ್ ಆಯ್ಕೆ

ಬೇಕಾಗಿರುವುದು 230 ವೋಲ್ಟ್ ಪ್ರೈಮರಿ (ಲೈನ್ ಕಡೆಯ ಸುತ್ತು), 15-0-15 ಸೆಕೆಂಡರಿ (ಔಟ್‌ಪುಟ್ ಕಡೆಯ ಸುತ್ತು, ನಡುವೆ ಸೊನ್ನೆ ವಯರ್), 2 ಆಂಪ್. ಅಂಗಡಿಯಲ್ಲಿ 12-0-12 ಕೊಡಲು ಬರುತ್ತಾರೆ, ಅದೇ ಜಾಸ್ತಿ ಮಾರಾಟವಾಗುವುದು. ಬೇಡ ಎನ್ನಿ. ಲೆಕ್ಕ ನೋಡಿ. 12 ವೋಲ್ಟ್ ಎಸಿಯನ್ನು ಡಿಸಿ ಮಾಡಿದಾಗ ತುದಿ 12 ಗುಣಿಸು 1.414, ಅಂದರೆ 17. ಡಯೋಡ್‌ನಲ್ಲಿ ಒಂದು ವೋಲ್ಟ್ ಹೋಯಿತು, 16. ಒಂದು ಆಂಪ್ ಎಳೆದಾಗ ರಿಪಲ್‌ನಲ್ಲಿ, ಅಂದರೆ ಡಿಸಿಯಲ್ಲಿ ಉಳಿಯುವ ಏರಿಳಿತದಲ್ಲಿ, ಇನ್ನೆರಡು ಹೋಯಿತು, 14. ವೋಲ್ಟೇಜನ್ನು ಸ್ಥಿರವಾಗಿ ಇಡುವ 7812 ಐಸಿ 12 ವೋಲ್ಟ್ ಕೊಡಬೇಕಾದರೆ ಅದರ ಇನ್‌ಪುಟ್‌ನಲ್ಲಿ 14ಕ್ಕಿಂತ ಸ್ವಲ್ಪ ಮೇಲೆಯೇ ಇರಬೇಕು. ಲೈನ್ ಸರಿಯಾಗಿ 230 ಇದ್ದಾಗಲೇ ಇಷ್ಟು ಬಿಗಿ, ಸಂಜೆ ಹೊತ್ತು ಲೈನ್ ತುದಿಯ ಮನೆಯಲ್ಲಿ ವೋಲ್ಟೇಜ್ 200ಕ್ಕೆ ಇಳಿದರೆ 12 ವೋಲ್ಟ್ ನಿಲ್ಲುವುದೇ ಇಲ್ಲ. 15-0-15 ಹಾಕಿದರೆ 230ರಲ್ಲಿ ಸುಮಾರು 20 ವೋಲ್ಟ್ ಸಿಗುತ್ತದೆ, 200ರಲ್ಲೂ 17 ಉಳಿಯುತ್ತದೆ, ರಿಪಲ್ ಕಳೆದರೂ ಸಾಕು.

ಮಂಗಳೂರಿನವರಿಗೆ ಹಂಪನಕಟ್ಟೆ ಸುತ್ತಮುತ್ತ ಹುಡುಕಿದರೆ ಸಿಗುತ್ತದೆ, ಇಲ್ಲದಿದ್ದರೆ ಆನ್‌ಲೈನ್. ಗುಜರಿಯಲ್ಲಿ ತೆಗೆದುಕೊಳ್ಳುವವರು ಒಂದು ವಿಷಯ ಗಮನಿಸಿ. ಹಳೆಯ ಟಿವಿ ಸ್ಟೆಬಿಲೈಸರ್ ಒಳಗಿನ ಟ್ರಾನ್ಸ್‌ಫಾರ್ಮರ್ ನೋಡಲು ಒಳ್ಳೆಯ ಗಟ್ಟಿ ಸಾಮಾನು, ಆದರೆ ಅದು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುತ್ತಿನಿಂದ ಟ್ಯಾಪ್ ತೆಗೆದಿರುತ್ತಾರೆ, ಲೈನ್‌ಗೂ ಔಟ್‌ಪುಟ್‌ಗೂ ನಡುವೆ ತಡೆ ಇರುವುದಿಲ್ಲ. ಮೀಟರನ್ನು ಓಮ್‌ಗೆ ಇಟ್ಟು ಪ್ರೈಮರಿಯ ಒಂದು ವಯರ್, ಸೆಕೆಂಡರಿಯ ಒಂದು ವಯರ್ ಮುಟ್ಟಿಸಿ ನೋಡಿ. ಏನಾದರೂ ಓಮ್ ತೋರಿಸಿದರೆ ಅದು ಈ ಕೆಲಸಕ್ಕೆ ಬರುವುದಿಲ್ಲ. ಹೊಸದರಲ್ಲೂ ಯಾವುದು ಪ್ರೈಮರಿ ಎಂದು ವಯರ್ ಬಣ್ಣ ನೋಡಿ ನಂಬಬೇಡಿ, ಅಳೆದು ನೋಡಿ: ಎರಡು ವಯರ್, ಹತ್ತಾರು ಓಮ್ ಇದ್ದರೆ ಪ್ರೈಮರಿ, ಮೂರು ವಯರ್, ಓಮ್ ಸೊನ್ನೆಯ ಹತ್ತಿರ ಇದ್ದರೆ ಸೆಕೆಂಡರಿ.

ಡಬ್ಬಿ, ಅರ್ತ್, ಫ್ಯೂಸ್

ಇಲ್ಲಿ ನಿಧಾನ ಮಾಡಿ. ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದು.

ಡಬ್ಬಿ ಲೋಹದ್ದಾಗಿರಲಿ, ಪೌಡರ್ ಕೋಟಿಂಗ್ ಇರುವಂಥದ್ದು. ಬರೀ ಬಣ್ಣ ಹೊಡೆದ ತಗಡು ನಮ್ಮಲ್ಲಿ ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ಸ್ಕ್ರೂಗಳು ಸ್ಟೀಲ್‌ನವೇ ಇರಲಿ, ಅಂದರೆ ತುಕ್ಕು ಹಿಡಿಯದ ಸ್ಟೇನ್‌ಲೆಸ್. ವಯರ್ ಒಳಗೆ ತರಲು ಕಂಪ್ಯೂಟರ್‌ಗೆ ಹಾಕುವಂಥ ಮೂರು ಪಿನ್‌ನ ಸಾಕೆಟ್ ಸಿಗುತ್ತದೆ, ಫ್ಯೂಸ್ ಹೋಲ್ಡರ್ ಅದರಲ್ಲೇ ಸೇರಿರುವುದು ಒಳ್ಳೆಯದು. ಅದಿಲ್ಲದೆ ನೇರ ವಯರ್ ತರುವುದಾದರೆ ತೂತಿಗೆ ರಬ್ಬರ್ ಗ್ರೊಮೆಟ್ ಹಾಕಿ, ಒಳಗೆ ಕ್ಲಾಂಪ್ ಕೊಡಿ. ಸುಮ್ನೆ ಗಂಟು ಹಾಕಿ ಬಿಡುವುದು ಸಾಲದು, ಎಳೆದಾಗ ತಗಡಿನ ಅಂಚು ಇನ್ಸುಲೇಶನ್ ಕೊಯ್ಯುತ್ತದೆ.

ಅರ್ತ್ ವಯರ್, ಅಂದರೆ ಹಸಿರು ಅಥವಾ ಹಸಿರು-ಹಳದಿ, ಡಬ್ಬಿಗೆ ಗಟ್ಟಿಯಾಗಿ ಕೂರಬೇಕು. ಕೂರಿಸುವ ಕ್ರಮ ಹೇಳುತ್ತೇನೆ. ಡಬ್ಬಿಯ ಒಳಗೆ ತೂತಿನ ಸುತ್ತ ನಾಲ್ಕಾಣೆಯಷ್ಟು ಅಗಲಕ್ಕೆ ಬಣ್ಣ ಕೆರೆದು ಲೋಹ ಹೊಳೆಯುವ ಹಾಗೆ ಮಾಡಿ. ವಯರ್ ತುದಿಗೆ ರಿಂಗ್ ಲಗ್ ಒತ್ತಿಸಿ, ಮೆಲ್ಲಗೆ ಎಳೆದು ನೋಡಿ. ಬೋಲ್ಟ್ ತೂರಿಸಿ, ಹಲ್ಲಿರುವ ಸ್ಟಾರ್ ವಾಷರ್, ಅದರ ಮೇಲೆ ಲಗ್, ಅದರ ಮೇಲೆ ನಟ್, ಮತ್ತೆ ಒಂದು ನಟ್. ಈ ಬೋಲ್ಟ್ ಅರ್ತ್‌ಗೆ ಮಾತ್ರ ಮೀಸಲು, ಟ್ರಾನ್ಸ್‌ಫಾರ್ಮರ್ ಹಿಡಿಯುವ ಬೋಲ್ಟಿಗೇ ಅರ್ತ್ ಸಿಕ್ಕಿಸಬೇಡಿ, ಮುಂದೆ ಯಾವತ್ತೋ ಟ್ರಾನ್ಸ್‌ಫಾರ್ಮರ್ ಬಿಚ್ಚಿದಾಗ ಅರ್ತ್ ಕೂಡ ಬಿಟ್ಟುಹೋಗುತ್ತದೆ. ಕೆರೆದ ಜಾಗಕ್ಕೆ ನಟ್ ಬಿಗಿದ ಮೇಲೆ ಸ್ವಲ್ಪ ವಾರ್ನಿಶ್ ಹಚ್ಚಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಪ್ಲಗ್‌ನ ದಪ್ಪ ಅರ್ತ್ ಪಿನ್‌ನಿಂದ ಡಬ್ಬಿಯ ಯಾವುದಾದರೂ ಸ್ಕ್ರೂವರೆಗೆ ಮೀಟರ್ ಹಿಡಿದರೆ ಸೊನ್ನೆ ಓಮ್ ಹತ್ತಿರ ತೋರಿಸಬೇಕು. ಮುಚ್ಚಳಕ್ಕೂ ಅಳೆಯಿರಿ, ಬಣ್ಣದಿಂದಾಗಿ ಅದು ಪ್ರತ್ಯೇಕ ಉಳಿದಿರಬಹುದು.

ಇಷ್ಟೆಲ್ಲ ಮಾಡಿ, ಮನೆಯ ಸಾಕೆಟ್‌ನಲ್ಲೇ ಅರ್ತ್ ಇಲ್ಲದಿದ್ದರೆ? ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಹಿಂದೆ ವಯರ್ ಎರಡೇ. ವಯರ್‌ಮನ್ ಒಬ್ಬರನ್ನು ಕರೆದು ನೋಡಿಸಿ. ನಮ್ಮ ಮುರಕಲ್ಲಿನ ಮಣ್ಣು ಮಳೆಗಾಲದಲ್ಲಿ ಚೆನ್ನಾಗಿ ಕರೆಂಟ್ ಒಯ್ಯುತ್ತದೆ, ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿದಾಗ ಅದೇ ಅರ್ತ್ ಗುಂಡಿ ಸೋಲುತ್ತದೆ. ಬೇಸಿಗೆಯಲ್ಲಿ ಆಗಾಗ ಗುಂಡಿಗೆ ನೀರು ಹಾಕುವ ರೂಢಿ ಇದಕ್ಕೇ. ಮೈನ್ ಬೋರ್ಡ್‌ನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲೇಬೇಕು. ಇಲ್ಲ ಎಂದಾದರೆ ಪವರ್ ಸಪ್ಲೈಗೆ ಇಟ್ಟ ದುಡ್ಡು ಮೊದಲು ಅದಕ್ಕೆ ಹಾಕಿ. ಅದು ಇಡೀ ಮನೆಯನ್ನು ಕಾಯುತ್ತದೆ.

ಫೇಸ್ ವಯರ್ ಮೊದಲು ಫ್ಯೂಸಿಗೆ, ಅಲ್ಲಿಂದ ಸ್ವಿಚ್‌ಗೆ, ಅಲ್ಲಿಂದ ಪ್ರೈಮರಿಗೆ. ಸ್ವಿಚ್ ಡಬಲ್ ಪೋಲ್ ಇರಲಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವಂಥದ್ದು. ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲು ಬದಲಾಗಿರುವ ಮನೆಗಳು ಕಡಿಮೆಯೇನಲ್ಲ. 15-0-15, 2 ಆಂಪ್ ಅಂದರೆ 60 ವಿಎ, 230ರಿಂದ ಭಾಗಿಸಿದರೆ ಕಾಲು ಆಂಪ್ ಚಿಲ್ಲರೆ. ಹಾಗಾಗಿ ಅರ್ಧ ಆಂಪ್‌ನ ಸ್ಲೋ ಬ್ಲೋ ಫ್ಯೂಸ್ ಸಾಕು. ಸಾದಾ ಫ್ಯೂಸ್ ಹಾಕಿದರೆ ಸ್ವಿಚ್ ಹಾಕಿದ ಕ್ಷಣದ ಎಳೆತಕ್ಕೆ ಸುಮ್ಮಸುಮ್ಮನೆ ಹೋಗುತ್ತದೆ, ಆಗ ಜನ ಸಿಟ್ಟಿನಲ್ಲಿ 5 ಆಂಪ್ ಹಾಕುತ್ತಾರೆ, ಅಲ್ಲಿಗೆ ಫ್ಯೂಸ್ ಇದ್ದೂ ಇಲ್ಲದ ಹಾಗೆ. 230 ವೋಲ್ಟ್‌ನ ಪ್ರತಿ ಬೆಸುಗೆಗೂ ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಇನ್ಸುಲೇಶನ್ ಟೇಪ್ ನಂಬಬೇಡಿ. ಇಲ್ಲಿಯ ಸೆಕೆಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. 230ರ ವಯರ್‌ಗಳನ್ನು ಡಬ್ಬಿಯ ಒಂದು ಬದಿಗೆ, ಡಿಸಿ ಬೋರ್ಡನ್ನು ಇನ್ನೊಂದು ಬದಿಗೆ ಇಡಿ, ನಡುವೆ ಟ್ರಾನ್ಸ್‌ಫಾರ್ಮರ್ ಕೂತರೆ ಒಳ್ಳೆಯ ಗೋಡೆ. ಮತ್ತೆ, 230ನ್ನು ವೆರೋ ಬೋರ್ಡ್ ಮೇಲೆ ತರಲೇಬೇಡಿ. ಅದರ ತಾಮ್ರದ ಪಟ್ಟಿಗಳ ನಡುವೆ ಅಂತರ ಕಡಿಮೆ, ತೇವ ಕೂತರೆ ದಾರಿ ಮಾಡಿಕೊಳ್ಳುತ್ತದೆ.

ಡಿಸಿ ಕಡೆ

ಸೆಕೆಂಡರಿಯ ಎರಡು ತುದಿ ಬ್ರಿಡ್ಜ್ ರೆಕ್ಟಿಫೈಯರ್‌ನ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ) ಎಸಿ ಕಾಲುಗಳಿಗೆ, ನಡುವಿನ ಸೊನ್ನೆ ವಯರ್ ಡಿಸಿ ಗ್ರೌಂಡ್‌ಗೆ. ಬ್ರಿಡ್ಜ್ 4 ಆಂಪ್‌ನದು ಅಥವಾ 6 ಆಂಪ್‌ನದು ಇರಲಿ, ಇಲ್ಲವೇ 1ಎನ್5408 ಡಯೋಡ್ ನಾಲ್ಕು. ಪ್ಲಸ್‌ನಿಂದ ಗ್ರೌಂಡ್‌ಗೆ 4700 ಮೈಕ್ರೋಫ್ಯಾರಡ್ ಒಂದು, ಗ್ರೌಂಡ್‌ನಿಂದ ಮೈನಸ್‌ಗೆ ಇನ್ನೊಂದು. ಎರಡನೆಯದರ ಪ್ಲಸ್ ಕಾಲು ಗ್ರೌಂಡ್ ಕಡೆಗೆ ಬರಬೇಕು, ಇದನ್ನು ಉಲ್ಟಾ ಹಾಕಿದರೆ ಕೆಪಾಸಿಟರ್ ಸಿಡಿಯುತ್ತದೆ.

ಕೆಪಾಸಿಟರ್ ವೋಲ್ಟೇಜ್ ಬಗ್ಗೆ ಅಂಗಡಿಯವರು "20 ವೋಲ್ಟ್ ಅಲ್ವಾ, 25 ಸಾಕು" ಅನ್ನುತ್ತಾರೆ. ಸಾಲದು. ಲೈನ್ ಶೇಕಡಾ 10 ಏರಿ 253 ಆಗಬಹುದು. ಲೋಡ್ ಇಲ್ಲದಾಗ ಟ್ರಾನ್ಸ್‌ಫಾರ್ಮರ್ ತಾನೇ ಇನ್ನೊಂದು 10 ಶೇಕಡಾ ಜಾಸ್ತಿ ಕೊಡುತ್ತದೆ. ಎರಡೂ ಸೇರಿದರೆ 15 ಇದ್ದದ್ದು 18 ದಾಟುತ್ತದೆ, ಡಿಸಿ 25ರ ಆಚೆಗೆ ಹೋಗುತ್ತದೆ. ಕನಿಷ್ಠ 35 ವೋಲ್ಟ್‌ನದು, ಸಾಧ್ಯವಾದರೆ 50ರದ್ದು ತನ್ನಿ. ಎರಡಕ್ಕೂ ಪ್ಯಾರಲಲ್ ಆಗಿ 2.2 ಕಿಲೋ ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಹಾಕಿದರೆ ಸ್ವಿಚ್ ಆಫ್ ಮಾಡಿದ ಮೇಲೆ ಚಾರ್ಜ್ ತಾನಾಗಿ ಇಳಿಯುತ್ತದೆ.

ಇಲ್ಲಿಂದ ಪ್ಲಸ್ ಕಡೆಗೆ 7812, ಮೈನಸ್ ಕಡೆಗೆ ಮೈನಸ್ 12 ಕೊಡುವ 7912. 5 ವೋಲ್ಟ್ ಕೊಡುವ 7805ನ್ನು ನೇರ 20 ವೋಲ್ಟ್‌ಗೆ ಕೊಡಬೇಡಿ, 7812ರ ಔಟ್‌ಪುಟ್‌ನಿಂದ ಕೊಡಿ. ಕಾರಣ ಬಿಸಿ. ಒಳಗೆ ಬರುವ ವೋಲ್ಟ್‌ನಿಂದ ಹೊರಗೆ ಹೋಗುವ ವೋಲ್ಟ್ ಕಳೆದು ಆಂಪ್‌ನಿಂದ ಗುಣಿಸಿದರೆ ಐಸಿಯಲ್ಲಿ ಬಿಸಿಯಾಗಿ ಹೋಗುವ ವ್ಯಾಟ್ ಸಿಗುತ್ತದೆ. 20ರಿಂದ 5ಕ್ಕೆ, ಅರ್ಧ ಆಂಪ್‌ನಲ್ಲಿ ಏಳೂವರೆ ವ್ಯಾಟ್, ಒಂದೇ ಐಸಿ ಮೇಲೆ. 12ರಿಂದ ಕೊಟ್ಟರೆ 7805ಕ್ಕೆ ಮೂರೂವರೆ, ಉಳಿದ ನಾಲ್ಕು 7812ಕ್ಕೆ. ಹೊರೆ ಹಂಚಿಕೆಯಾಯಿತು. ಆದರೆ 12 ಮತ್ತು 5 ಎರಡರ ಕರೆಂಟೂ 7812ರ ಮೂಲಕವೇ ಹಾಯುತ್ತದೆ ಎಂಬುದು ನೆನಪಿರಲಿ, ಎರಡರಿಂದಲೂ ತಲಾ ಅರ್ಧ ಆಂಪ್‌ಗೆ ನಿಲ್ಲಿಸಿ.

ಬೇಕಾದ ವೋಲ್ಟ್ ತಿರುಗಿಸಿಕೊಳ್ಳಲು ಎಲ್‌ಎಂ 317. ಇದಕ್ಕೆ ಪ್ಲಸ್ 20ರಿಂದ ನೇರ ಕೊಡಬೇಕು. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲಿನ ನಡುವೆ 220 ಓಮ್, ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ 2.2 ಕಿಲೋ ಓಮ್ ಪಾಟ್ (ತಿರುಗಿಸಿ ಓಮ್ ಬದಲಿಸುವ ಮೂರು ಕಾಲಿನ ರೆಸಿಸ್ಟರ್). ಆಗ 1.25ರಿಂದ 13.75 ವೋಲ್ಟ್‌ವರೆಗೆ ಸಿಗುತ್ತದೆ. ಪಾಟ್‌ನ ಬದಿಯ ಕಾಲುಗಳಲ್ಲಿ ಬಳಕೆಯಾಗದೆ ಉಳಿದದ್ದಕ್ಕೆ ನಡುವಿನ ಕಾಲನ್ನು ಸೇರಿಸಿ ಬೆಸೆಯಿರಿ. ಉಪ್ಪು ಗಾಳಿಗೆ ಪಾಟ್‌ನ ಒಳಗಿನ ಪಟ್ಟಿ ಕೆಟ್ಟು ನಡುವಿನ ಕಾಲು ಸಂಪರ್ಕ ಬಿಟ್ಟರೆ, ಹೀಗೆ ಬೆಸೆಯದ ಸರ್ಕ್ಯೂಟ್‌ನಲ್ಲಿ ಔಟ್‌ಪುಟ್ ನೇರ ಮೇಲಕ್ಕೆ, 18-19ರ ವರೆಗೆ ಜಿಗಿಯುತ್ತದೆ. ಬೆಸೆದಿದ್ದರೆ 13.75ರಲ್ಲಿ ನಿಲ್ಲುತ್ತದೆ. ಇನ್ನೊಂದು ಮಾತು, 3 ವೋಲ್ಟ್‌ಗೆ ಇಟ್ಟು ಅರ್ಧ ಆಂಪ್ ಎಳೆದರೆ ಇದರಲ್ಲೂ ಎಂಟೂವರೆ ವ್ಯಾಟ್ ಬಿಸಿ. ವೋಲ್ಟ್ ಕಡಿಮೆ ಇಟ್ಟಾಗ ಕರೆಂಟೂ ಕಡಿಮೆ ಎಳೆಯಿರಿ.

ಕಾಲುಗಳ ಕ್ರಮ ಮೂರಕ್ಕೂ ಬೇರೆ ಬೇರೆ, ಎಷ್ಟೋ ಐಸಿ ಸುಟ್ಟುಹೋಗುವುದು ಇಲ್ಲೇ. ಬರಹ ನಿಮ್ಮ ಕಡೆಗಿರಲಿ, ಕಾಲು ಕೆಳಗಿರಲಿ, ಎಡದಿಂದ ಎಣಿಸಿ. 7805 ಮತ್ತು 7812ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಎಲ್‌ಎಂ 317ರಲ್ಲಿ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಬೆನ್ನಿನ ಲೋಹದ ಪಟ್ಟಿ ನಡುವಿನ ಕಾಲಿಗೇ ಸೇರಿರುತ್ತದೆ. ಅಂದರೆ 7912ರ ಬೆನ್ನಿನಲ್ಲಿ ಮೈನಸ್ 20 ವೋಲ್ಟ್ ಇದೆ, 317ರ ಬೆನ್ನಿನಲ್ಲಿ ಔಟ್‌ಪುಟ್ ಇದೆ. ಎಲ್ಲವನ್ನೂ ಒಂದೇ ಹೀಟ್ ಸಿಂಕ್‌ಗೆ ಹಾಗೇ ಬಿಗಿದರೆ ನೇರ ಶಾರ್ಟ್. ನಾಲ್ಕಕ್ಕೂ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಶ್, ಎರಡೂ ಬದಿಗೆ ಹೀಟ್ ಸಿಂಕ್ ಕಾಂಪೌಂಡ್ ತೆಳ್ಳಗೆ. ಬಿಗಿದ ಮೇಲೆ ಪ್ರತಿಯೊಂದರ ಬೆನ್ನಿನಿಂದ ಸಿಂಕ್‌ಗೆ ಮೀಟರ್ ಹಿಡಿಯಿರಿ, ಬೀಪ್ ಬರಬಾರದು. ತೂತಿನ ಅಂಚಿನಲ್ಲಿ ಉಳಿದ ಅಲ್ಯೂಮಿನಿಯಂ ಚೂರು ಮೈಕಾವನ್ನು ಚುಚ್ಚುತ್ತದೆ, ಅದಕ್ಕೆ ತೂತು ಕೊರೆದ ಮೇಲೆ ದಪ್ಪ ಡ್ರಿಲ್ ಬಿಟ್ ಕೈಯಲ್ಲೇ ತಿರುಗಿಸಿ ಅಂಚು ನಯ ಮಾಡಿಕೊಳ್ಳಿ.

ಪ್ರತಿ ಐಸಿಯ ಇನ್‌ಪುಟ್‌ಗೆ 334, ಔಟ್‌ಪುಟ್‌ಗೆ 104 ಎಂದು ಬರೆದ ಕೆಪಾಸಿಟರ್, ಕಾಲಿಗೆ ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. 7912ಕ್ಕೆ ಇಷ್ಟು ಸಾಲದು, ಅದರ ಎರಡೂ ಕಡೆ 10 ಮೈಕ್ರೋಫ್ಯಾರಡ್ ಕೂಡ ಹಾಕಿ. ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದೊಂದು 1ಎನ್4007 ಡಯೋಡ್, ಮಾಮೂಲಿ ಸಮಯದಲ್ಲಿ ಹಾಯದ ದಿಕ್ಕಿಗೆ. ಪ್ಲಸ್ 12 ಮತ್ತು ಮೈನಸ್ 12ರ ಔಟ್‌ಪುಟ್‌ನಿಂದ ಗ್ರೌಂಡ್‌ಗೂ ಹಾಗೆಯೇ ಒಂದೊಂದು. ಹೊರಗಿನ ಟರ್ಮಿನಲ್‌ಗಳಿಗೆ ಬೇರೆ ಬೇರೆ ಬಣ್ಣ ಇರಲಿ, 5 ಮತ್ತು 12 ಪಕ್ಕಪಕ್ಕ ಬೇಡ.

ಆನ್ ಮಾಡುವ ಮೊದಲು

ಐಸಿಗಳನ್ನು ಬೆಸೆಯುವ ಮೊದಲೇ ಪರೀಕ್ಷೆ ಶುರು ಮಾಡಿ. ಸ್ವಿಚ್ ಆನ್ ಸ್ಥಿತಿಯಲ್ಲಿ, ಆದರೆ ಪ್ಲಗ್ ಹೊರಗೆ ಇರುವಾಗ, ಪ್ಲಗ್‌ನ ಫೇಸ್ ಪಿನ್‌ನಿಂದ ಡಬ್ಬಿಗೆ, ನ್ಯೂಟ್ರಲ್ ಪಿನ್‌ನಿಂದ ಡಬ್ಬಿಗೆ ಅಳೆಯಿರಿ. ಮೀಟರ್ ಅಲ್ಲಾಡಬಾರದು. ವಯರ್‌ಮನ್ ಹತ್ತಿರ ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಇದ್ದರೆ ಅದರಲ್ಲೂ ನೋಡಿಸಿ. ಮಲ್ಟಿಮೀಟರ್‌ನ ಸಣ್ಣ ಬ್ಯಾಟರಿಗೆ ಕಾಣದ ಸೋರಿಕೆ 500 ವೋಲ್ಟ್‌ನ ಮೆಗ್ಗರ್‌ಗೆ ಕಾಣುತ್ತದೆ.

ಮೊದಲ ಬಾರಿ ಕರೆಂಟ್ ಕೊಡುವುದು ಸೀರೀಸ್ ಬಲ್ಬ್ ಮೂಲಕವೇ. ರೇಡಿಯೋ, ಟಿವಿ ರಿಪೇರಿ ಮಾಡುವವರ ಮೇಜಿನಲ್ಲಿ ಇದು ಇದ್ದೇ ಇರುತ್ತದೆ, ಫೇಸ್ ದಾರಿಯಲ್ಲಿ 60 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್, ಎಲ್‌ಇಡಿ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ. ಪೂರ್ತಿ ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಪ್ಲಗ್ ತೆಗೆಯಿರಿ. ಸರಿಯಿದ್ದರೆ ಸೆಕೆಂಡರಿಯ ಎರಡು ತುದಿ ನಡುವೆ 30ರ ಆಸುಪಾಸು ಎಸಿ, ಕೆಪಾಸಿಟರ್‌ಗಳಲ್ಲಿ ಪ್ಲಸ್ ಮತ್ತು ಮೈನಸ್ 20ರಿಂದ 22 ಡಿಸಿ ಇದೆಯಾ ನೋಡಿ. ಆಮೇಲೆ ಪ್ಲಗ್ ತೆಗೆದು, ಚಾರ್ಜ್ ಇಳಿಯಲು ಒಂದು ನಿಮಿಷ ಬಿಟ್ಟು, ಒಂದೊಂದೇ ಐಸಿ ಬೆಸೆದು ಅಳೆಯುತ್ತಾ ಹೋಗಿ.

ಲೋಡ್ ಇಲ್ಲದೆ ಅಳೆದು "ಆಯಿತು" ಅನ್ನಬೇಡಿ. ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲಿ 12 ವೋಲ್ಟ್, 5 ವ್ಯಾಟ್ ಬಲ್ಬ್ ಸಿಗುತ್ತದೆ, ಅದು 0.4 ಆಂಪ್ ಎಳೆಯುತ್ತದೆ. ಪ್ಲಸ್ 12ಕ್ಕೂ ಮೈನಸ್ 12ಕ್ಕೂ ಒಂದೊಂದು ಸಿಕ್ಕಿಸಿ. 5 ವೋಲ್ಟ್‌ಗೆ 10 ಓಮ್, 5 ವ್ಯಾಟ್‌ನ ಬಿಳಿ ಸಿರಾಮಿಕ್ ರೆಸಿಸ್ಟರ್ ಹಾಕಿದರೆ ಅರ್ಧ ಆಂಪ್. ಈಗ ಸೀರೀಸ್ ಬಲ್ಬ್ ತೆಗೆದು ಅರ್ಧ ಗಂಟೆ ಓಡಿಸಿ, ನೀವು ಎದುರಿಗೇ ಕೂತಿರಿ. ವೋಲ್ಟೇಜ್ ಕುಸಿಯುತ್ತಿದೆಯಾ, ವಾರ್ನಿಶ್ ಸುಟ್ಟ ವಾಸನೆ ಬರುತ್ತಿದೆಯಾ ಗಮನಿಸಿ. ಕೊನೆಗೆ ಪ್ಲಗ್ ತೆಗೆದ ಮೇಲೆ ಹೀಟ್ ಸಿಂಕ್ ಮುಟ್ಟಿ ನೋಡಿ. ಕೈ ಇಡಲಿಕ್ಕೇ ಆಗದಷ್ಟು ಬಿಸಿಯಿದ್ದರೆ ಸಿಂಕ್ ಸಣ್ಣದಾಯಿತು, ದೊಡ್ಡದು ಹಾಕಿ.

ಈ ಕೆಲಸವೆಲ್ಲ ಮರದ ಮೇಜಿನ ಮೇಲೆ, ಕಾಲಿಗೆ ಒಣಗಿದ ರಬ್ಬರ್ ಚಪ್ಪಲಿ ಹಾಕಿಕೊಂಡು. ಮನೆಯೊಳಗೆ ಬರಿಗಾಲಲ್ಲಿ ಓಡಾಡುವುದು ನಮ್ಮ ಅಭ್ಯಾಸ, ಮಳೆಗಾಲದ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು 230 ವೋಲ್ಟ್ ಅಳೆಯುವುದು ಬೇಡ. ಮನೆಯಲ್ಲಿ ಇನ್ನೊಬ್ಬರು ಇರಲಿ, ಮೈನ್ ಸ್ವಿಚ್ ಎಲ್ಲಿದೆ ಎಂದು ಅವರಿಗೆ ತೋರಿಸಿರಿ.

ಮಳೆಗಾಲ, ಸಿಡಿಲು, ಇರುವೆ

ಬೋರ್ಡ್ ಮೇಲೆ ಉಳಿದ ಫ್ಲಕ್ಸ್ ತೇವ ಎಳೆದುಕೊಂಡು ಹಸಿರು ಕಿಲುಬು ಹಿಡಿಸುತ್ತದೆ. ಹಳೆಯ ಟೂತ್‌ಬ್ರಷ್‌ನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿ, ಒಣಗಿದ ಮೇಲೆ ಪಿಸಿಬಿ ಲ್ಯಾಕರ್ ಬಳಿಯಿರಿ. ಪಾಟ್ ಮತ್ತು ಟರ್ಮಿನಲ್‌ಗೆ ಲ್ಯಾಕರ್ ತಾಗದಿರಲಿ. ಡಬ್ಬಿಯ ಗಾಳಿ ತೂತುಗಳಿಗೆ ಒಳಗಿನಿಂದ ಸಣ್ಣ ಜಾಲರಿ ಅಂಟಿಸಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ, ಹಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಂದು ಟರ್ಮಿನಲ್ ನಡುವೆ ಸಾಯುತ್ತದೆ. ತಿಂಗಳುಗಟ್ಟಲೆ ಬಳಸದೆ ಇಟ್ಟ ಡಬ್ಬಿಯನ್ನು ಆಗಸ್ಟ್‌ನಲ್ಲಿ ತೆಗೆದು ನೇರ ಪ್ಲಗ್‌ಗೆ ಹಾಕಬೇಡಿ. ಮುಚ್ಚಳ ಬಿಚ್ಚಿ ಒಂದು ದಿನ ಒಣ ಕೋಣೆಯಲ್ಲಿ ಫ್ಯಾನ್ ಗಾಳಿಗೆ ಇಟ್ಟು, ಅರ್ತ್ ಮತ್ತೊಮ್ಮೆ ಅಳೆದು, ಸೀರೀಸ್ ಬಲ್ಬ್ ಮೂಲಕ ಶುರು ಮಾಡಿ.

ಏಪ್ರಿಲ್, ಮೇ ಮತ್ತೆ ಅಕ್ಟೋಬರ್‌ನ ಸಂಜೆ ಗುಡುಗು ಕೇಳಿದರೆ ಸ್ವಿಚ್ ಆಫ್ ಮಾಡಿದ್ದು ಸಾಲದು, ಪ್ಲಗ್ಗನ್ನೇ ಹೊರಗೆ ಎಳೆಯಿರಿ. ಸಿಡಿಲಿನ ವೋಲ್ಟೇಜ್‌ಗೆ ಸ್ವಿಚ್‌ನೊಳಗಿನ ಎರಡು ಮೂರು ಮಿಲಿಮೀಟರ್ ಅಂತರ ಜಿಗಿಯುವುದು ಲೆಕ್ಕಕ್ಕೇ ಇಲ್ಲ. ನಿಮ್ಮ ಸರ್ಕ್ಯೂಟ್ ಕೂಡ ಟರ್ಮಿನಲ್‌ನಿಂದ ಬಿಡಿಸಿಡಿ.

ಎಲ್ಲ ಮುಗಿದ ಮೇಲೆ ಸರ್ಕ್ಯೂಟ್ ಚಿತ್ರ ಬಿಡಿಸಿ, ಪ್ರತಿ ಔಟ್‌ಪುಟ್‌ನ ವೋಲ್ಟ್ ಮತ್ತು ಗರಿಷ್ಠ ಆಂಪ್ ಬರೆದು, "ಫ್ಯೂಸ್: ಅರ್ಧ ಆಂಪ್ ಸ್ಲೋ ಬ್ಲೋ ಮಾತ್ರ" ಎಂದು ಸೇರಿಸಿ ಮುಚ್ಚಳದ ಒಳಗೆ ಅಂಟಿಸಿ. ಪಕ್ಕದಲ್ಲಿ ಅದೇ ಅಳತೆಯ ಎರಡು ಫ್ಯೂಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಟೇಪ್ ಮಾಡಿ ಇಡಿ. ಮುಂದೆ ಆ ಡಬ್ಬಿ ಬಿಚ್ಚುವುದು ನಿಮ್ಮ ತಮ್ಮನೋ ಮಗಳೋ ಆಗಿರಬಹುದು, ಫ್ಯೂಸ್ ಹುಡುಕಲು ಅವರು ಪೇಟೆಗೆ ಹೋಗುವ ಬದಲು ತಾಮ್ರದ ತಂತಿ ಸುತ್ತಬಾರದು.